ಲೈಟ್ ಮಾರೋದು ಬಿಡಿ, ವೈರಿಂಗ್ ಮಾರಿ

ಗಾಡಿ ವೈರಿಂಗ್ ಅಂಗಡಿ ಹಾಕಬೇಕು ಅಂತ ಕೇಳುವ ಹುಡುಗರು ಈಗೀಗ ಜಾಸ್ತಿ ಆಗಿದ್ದಾರೆ. ಸೊರಬ, ಹೊಸನಗರ, ರಿಪ್ಪನ್‌ಪೇಟೆ ಕಡೆಯಿಂದೆಲ್ಲ ಮೆಸೇಜ್ ಬರುತ್ತವೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ಎಲ್‌ಇಡಿ ಬಾರ್ ಹೋಲ್‌ಸೇಲ್ ಎಲ್ಲಿ ಸಿಗುತ್ತೆ?" ಯಾವ ವೈರ್ ಹಾಕ್ತೀರಿ ಅಂತ ಒಬ್ಬನೂ ಕೇಳುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಇಲ್ಲೇ ಹೇಳಿಬಿಡುತ್ತೇನೆ.

ಲೈಟು, ಹಾರ್ನ್, ಮ್ಯೂಸಿಕ್ ಸಿಸ್ಟಮ್ ಮಾರಿ ಬದುಕುತ್ತೇನೆ ಅಂತ ಹೊರಟರೆ ಕಷ್ಟ. ನೀವು ಹೇಳುವ ರೇಟನ್ನು ಗಿರಾಕಿ ನಿಮ್ಮೆದುರೇ ಮೊಬೈಲ್ ತೆಗೆದು ನೋಡುತ್ತಾನೆ. ಅಲ್ಲಿ ಇನ್ನೂರು ರೂಪಾಯಿ ಕಡಿಮೆ ಇರುತ್ತದೆ. ಮುಗೀತು ವ್ಯಾಪಾರ. ಆಮೇಲೆ ಅದೇ ಲೈಟ್ ತರಿಸಿಕೊಂಡು ನಿಮ್ಮ ಹತ್ತಿರವೇ ಬಂದು "ಸುಮ್ನೆ ಎರಡು ವೈರ್ ಕೊಟ್ಟುಬಿಡಿ" ಅನ್ನುತ್ತಾನೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ವ್ಯಾಪಾರ ಶುರುವಾಗುವುದೇ ಆ ಎರಡು ವೈರಿನಲ್ಲಿ. ಕೊರಿಯರ್‌ನವನು ತಂದುಕೊಡಲು ಆಗದ ಸಾಮಾನು ಅದೊಂದೇ.

ಅದರಲ್ಲೂ ನಮ್ಮ ಕಡೆ. ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ, ಹುಲಿಕಲ್ ಕೂಡ ಅದಕ್ಕೇನೂ ಕಡಿಮೆ ಇಲ್ಲ. ಬಯಲುಸೀಮೆಯಲ್ಲಿ ಐದಾರು ವರ್ಷ ನಡೆಯುವ ಟೇಪ್ ಸುತ್ತಿದ ಜಾಯಿಂಟ್ ಇಲ್ಲಿ ಒಂದು ಮಳೆಗಾಲ ತಡೆಯುವುದೂ ಕಷ್ಟ. ಮಲೆನಾಡಿನ ಗಾಡಿಯ ಎಲೆಕ್ಟ್ರಿಕಲ್ ಕಾಯಿಲೆಗಳಲ್ಲಿ ಹೆಚ್ಚಿನದು ನೀರಿನದ್ದೇ, ಉಳಿದದ್ದು ಇಲಿಯದು. ವೈರಿನ ತುದಿ ತೆರೆದುಕೊಂಡಿದ್ದರೆ ಒಳಗಿನ ತಾಮ್ರದ ಎಳೆಗಳು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತವೆ. ಹೊರಗಿನಿಂದ ವೈರ್ ಹೊಸದರ ಹಾಗೇ ಕಾಣುತ್ತದೆ, ಒಂದು ಅಡಿ ಒಳಗೆ ಸಿಪ್ಪೆ ಬಿಡಿಸಿ ನೋಡಿದರೆ ತಾಮ್ರ ಹಸಿರಾಗಿ, ಕಪ್ಪಾಗಿ ಪುಡಿಯಾಗಿರುತ್ತದೆ. ಹಾಗಾಗಿ ಜಾಯಿಂಟ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಾಕಲೇಬೇಕಾದ ಕಡೆ ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲಿ (ಲೋಹದ ತುದಿಯನ್ನು ವೈರಿಗೆ ಒತ್ತಿ ಕೂರಿಸುವ ಇಕ್ಕಳ) ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಅಂಟಿಲ್ಲದ ಮಾಮೂಲಿ ಸ್ಲೀವ್ ನೋಡಲು ಚಂದ, ನೀರನ್ನು ಮಾತ್ರ ತಡೆಯುವುದಿಲ್ಲ. ಕಪ್ಲರ್‌ಗೆ (ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್) ವೈರ್ ಹೋಗುವ ಮುಂಚೆ ಸ್ವಲ್ಪ ಕೆಳಗೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಬಿದ್ದು ಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಸೋಲ್ಡರಿಂಗ್ ಬಗ್ಗೆ ಹಳಬರಿಗೆ ನಂಬಿಕೆ ಜಾಸ್ತಿ. ನನಗೆ ಗಾಡಿಯಲ್ಲಿ ಅದು ಇಷ್ಟವಿಲ್ಲ. ಬೆಸುಗೆ ಹರಿದಷ್ಟು ಭಾಗ ವೈರ್ ಕಡ್ಡಿಯಾಗುತ್ತದೆ, ಅಲ್ಲಿಂದ ಮುಂದೆ ಮೆತ್ತಗಿರುತ್ತದೆ. ಘಾಟಿ ರಸ್ತೆಯ ಅದುರಾಟಕ್ಕೆ ಸರಿಯಾಗಿ ಆ ಅಂಚಿನಲ್ಲೇ ತುಂಡಾಗುತ್ತದೆ.

ಇನ್ನು ಲೆಕ್ಕ. ದಯವಿಟ್ಟು ಇದನ್ನು ಓದದೆ ದಾಟಬೇಡಿ, ದುಡ್ಡು ಇರುವುದೇ ಇಲ್ಲಿ. ತೋಟದ ಕೆಲಸಕ್ಕೆ ಇಟ್ಟುಕೊಂಡ ಹಳೇ ಜೀಪು ಬರುತ್ತದೆ, "ಹೆಡ್‌ಲೈಟ್ ಮಂಕು, 100 ವ್ಯಾಟ್ ಬಲ್ಬ್ ಹಾಕಿ" ಅನ್ನುತ್ತಾರೆ. ಹಾಕಬೇಡಿ. ಮೊದಲು ಮಲ್ಟಿಮೀಟರ್ ಹಿಡಿದು, ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಕಪ್ಲರ್‌ನಲ್ಲಿ ವೋಲ್ಟೇಜ್ ನೋಡಿ. ಮಾಮೂಲಿ ಹೆಚ್4 ಬಲ್ಬ್ 60/55 ವ್ಯಾಟ್. ಹೈಬೀಮ್‌ನಲ್ಲಿ ಒಂದಕ್ಕೆ 60ರಂತೆ ಎರಡೂ ಹೆಡ್‌ಲೈಟ್ ಸೇರಿ 120 ವ್ಯಾಟ್, ಅಂದರೆ 12 ವೋಲ್ಟಿಗೆ 10 ಆಂಪಿಯರ್. ಈ 10 ಆಂಪಿಯರ್ ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಸ್ವಿಚ್, ಡಿಮ್-ಡಿಪ್ ಸ್ವಿಚ್ ಎಲ್ಲ ಸುತ್ತಿ ವಾಪಸ್ ಮುಂದಕ್ಕೆ ಬರಬೇಕು. 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಐದು ಮೀಟರ್ ಓಡಿದರೆ ವೈರಿನಲ್ಲೇ 0.86 ವೋಲ್ಟ್ ಹೋಯಿತು. ಸವೆದ ಸ್ವಿಚ್, ತುಕ್ಕು ಹಿಡಿದ ಅರ್ಥ್ (ಕರೆಂಟ್ ವಾಪಸ್ ಹೋಗಲು ಗಾಡಿಯ ಬಾಡಿಗೆ ಕಟ್ಟುವ ವೈರ್) ಸೇರಿಸಿದರೆ ಬಲ್ಬಿಗೆ ಸಿಗುವುದು ಎಷ್ಟು ಅಂತ ನೀವೇ ನೋಡಿ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಅದೇ ಬಲ್ಬ್ ಇಟ್ಟುಕೊಂಡು, ಬ್ಯಾಟರಿಯಿಂದ 2.5 ಸ್ಕ್ವೇರ್ ಎಂಎಂ ವೈರ್ ಎಳೆದು, ಮಧ್ಯೆ ಫ್ಯೂಸು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕೊಟ್ಟು, ಅರ್ಥ್ ಕೆರೆದು ಹೊಸದಾಗಿ ಕಟ್ಟಿ. ಎರಡು ಮೀಟರ್‌ನಲ್ಲಿ ನಷ್ಟ 0.14 ವೋಲ್ಟ್ ಅಷ್ಟೇ. ಹಳೇ ಸ್ವಿಚ್‌ಗೆ ಈಗ ರಿಲೇ ಕಾಯಿಲ್ ಎಳೆಯುವಷ್ಟೇ ಕೆಲಸ, ಒಂದು ಆಂಪಿಯರಿನ ಕಾಲು ಭಾಗವೂ ಇಲ್ಲ, ಅದಕ್ಕೆ ಬಿಸಿಯಾಗುವ ರಗಳೆಯೇ ಇಲ್ಲ. ಸಂಜೆ ಗಾಡಿ ತಗೊಂಡು ಹೋದವರು ರಾತ್ರಿ ಫೋನ್ ಮಾಡಿ "ಎಂತ ಮಾಡಿದ್ರಿ ಮಾರಾಯ್ರೆ, ಬಲ್ಬ್ ಹಳೇದೇ ಅಲ್ವಾ?" ಅಂತಾರೆ. ಆ ಫೋನ್ ಬಂದಮೇಲೆ ಅವರ ಊರಿನ ಇನ್ನೊಂದು ಜೀಪು ತಾನಾಗೇ ಬರುತ್ತದೆ.

ರಿಲೇ ಕಾಲಿನ ನಂಬರ್ ಬಾಯಿಪಾಠ ಆಗಿರಲಿ. 30ಕ್ಕೆ ಬ್ಯಾಟರಿ, 87ರಿಂದ ಲೋಡ್ (ಅಂದರೆ ಲೈಟು, ಹಾರ್ನ್), 85 ಮತ್ತು 86 ಕಾಯಿಲ್. ಫ್ಯೂಸ್ ಇರುವುದು ವೈರನ್ನು ಕಾಪಾಡಲು, ಲೈಟನ್ನಲ್ಲ. ಅದು ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ಲೈಟಿನ ಹತ್ತಿರ ಫ್ಯೂಸ್ ಹಾಕಿ ಬ್ಯಾಟರಿಯಿಂದ ಅಲ್ಲಿವರೆಗೆ ಬರೀ ವೈರ್ ಎಳೆದಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬಾನೆಟ್ ಒಳಗೆ ಇಲಿ ಆ ವೈರ್ ಕಡಿದು ಅದು ಬಾಡಿಗೆ ತಗುಲಿದರೆ ತಡೆಯುವುದಕ್ಕೆ ಏನೂ ಇಲ್ಲ. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಪದೇ ಪದೇ ಹೋಗುತ್ತದೆ ಅಂತ ಹಸಿರು ಚುಚ್ಚಿ ಕಳಿಸುವವನನ್ನು ಎಲೆಕ್ಟ್ರಿಷಿಯನ್ ಅಂತ ಕರೆಯಲು ನನಗೆ ಮನಸ್ಸಿಲ್ಲ.

ವೈರ್ ಕೊಳ್ಳುವಾಗ ಚಾಕುವಿನಿಂದ ಕೆರೆದು ನೋಡಿ. ಕಡಿಮೆ ರೇಟಿನ ಬಂಡಲ್‌ಗಳಲ್ಲಿ ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಇರುವ ವೈರ್ ಬರುತ್ತದೆ. ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅದಕ್ಕೆ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು, ನಮ್ಮ ತೇವಕ್ಕಂತೂ ಬೇಗ ಪುಡಿಯಾಗುತ್ತದೆ.

ಐಟಿಐ ಎಲೆಕ್ಟ್ರಿಷಿಯನ್ ಮಾಡಿ ಬಂದ ಹುಡುಗರಿಗೆ ಮನೆ ವೈರಿಂಗ್ ಚೆನ್ನಾಗಿ ಗೊತ್ತಿರುತ್ತದೆ. ಗಾಡಿಯಲ್ಲಿ ಎಡವುವುದು ಅರ್ಥ್ ವಿಷಯದಲ್ಲಿ. ಇಲ್ಲಿ ಬಾಡಿಯೇ ಅರ್ಧ ಸರ್ಕ್ಯೂಟ್. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟೂ ಜೊತೆಗೆ ಮಿಣಮಿಣ ಅಂತಿದೆಯಾ? ಬಲ್ಬ್, ಫ್ಲಾಶರ್ ಬದಲಾಯಿಸುತ್ತ ಕೂರಬೇಡಿ, ಹಿಂದಿನ ಲ್ಯಾಂಪಿನ ಅರ್ಥ್ ನೋಡಿ. ಇನ್ನೊಂದು, ಮನೆ ವೈರಿಂಗ್‌ನವರ ಮಾಮೂಲಿ ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಎಸಿ ಮಾತ್ರ ಅಳೆಯುತ್ತದೆ. ಗಾಡಿಯದು ಡಿಸಿ ಕರೆಂಟ್, ಅದನ್ನು ಅಳೆಯುವಂಥದ್ದು ಬೇಕು, ಬೆಲೆ ಜಾಸ್ತಿ, ಆದರೂ ತಗೊಳ್ಳಿ. "ಎರಡು ದಿನ ನಿಂತರೆ ಸೆಲ್ಫ್ ಹೊಡೆಯಲ್ಲ" ಅನ್ನುವ ಗಾಡಿ ವಾರಕ್ಕೊಂದಾದರೂ ಬರುತ್ತದೆ. ಬಂದ್ ಮಾಡಿದ ಗಾಡಿಯಲ್ಲಿ ಅರ್ಧ ಆಂಪಿಯರ್ ಸೋರುತ್ತಿದ್ದರೆ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಪೂರ್ತಿ ಖಾಲಿ, ಸೆಲ್ಫ್ ಹೊಡೆಯುವುದು ಅದಕ್ಕೂ ಎಷ್ಟೋ ಮುಂಚೆಯೇ ನಿಲ್ಲುತ್ತದೆ. ಹೊಸ ಬ್ಯಾಟರಿ ಮಾರುವುದು ಸುಲಭ. ಸೋರಿಕೆ ಹುಡುಕಿಕೊಟ್ಟರೆ ಗಿರಾಕಿ ನಿಮ್ಮವನು.

ಹೊಸ ಗಾಡಿಗಳ ಕಥೆ ಬೇರೆ. ಅಲ್ಲಿ ಕಂಪ್ಯೂಟರ್ ಪ್ರತಿ ಲೈಟಿನ ಕರೆಂಟನ್ನೂ ನೋಡುತ್ತಿರುತ್ತದೆ. ಒರಿಜಿನಲ್ ಹಾರ್ನೆಸ್‌ಗೆ (ಇಡೀ ಗಾಡಿಯ ವೈರಿನ ಕಟ್ಟು) ಬ್ಲೇಡ್ ಹಾಕಬೇಡಿ, ಕಂಪನಿಯವರಿಗೆ ವಾರಂಟಿ ಇಲ್ಲ ಅನ್ನಲು ಅದೊಂದೇ ಸಾಕು. ಕಪ್ಲರ್‌ಗೆ ಕಪ್ಲರ್ ಸೇರಿಸಿ, ಕರೆಂಟ್ ನೇರ ಬ್ಯಾಟರಿಯಿಂದ ತಗೊಂಡು ಮಾಡಿ. ಕಾನೂನೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡಬಾರದು ಅನ್ನುತ್ತದೆ, 2019ರ ತಿದ್ದುಪಡಿ ಆದಮೇಲೆ ದಂಡವೂ ಭಾರಿ. ದಂಡ ಕಟ್ಟುವವನು ಓನರ್, ಆದರೆ ಬೈಸಿಕೊಳ್ಳುವವರು ನಾವು. ರಾಗ ಹಾಡುವ ಹಾರ್ನ್, ಎದುರಿನವನ ಕಣ್ಣು ಕುಕ್ಕುವ ಬಲ್ಬ್ ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಗಣಪತಿ ಮೆರವಣಿಗೆಯ ಟ್ರ್ಯಾಕ್ಟರ್ ಲೈಟಿಂಗೂ ಒಪ್ಪುವುದಿಲ್ಲ. ಕಬ್ಬಿಣದ ಟ್ರಾಲಿ, ಮಳೆ, ಜನರೇಟರಿನ 230 ವೋಲ್ಟ್, ಮೇಲೆ ಹತ್ತಿ ಕುಣಿಯುವ ಹುಡುಗರು. ಬೇಡಪ್ಪಾ.

ಹಾಗಾದರೆ ಕೆಲಸ ಎಲ್ಲಿದೆ? ಬೇಕಾದಷ್ಟಿದೆ. ಘಟ್ಟದ ಕೆಳಗಿನಿಂದ ಬರುವ ಮೀನಿನ ಗಾಡಿಗೆ ಮೈಕು, ಆಂಪ್ಲಿಫೈಯರ್. ಅಡಿಕೆ ಲೋಡು ಮಾಡುವ ಪಿಕಪ್‌ಗೆ ಹಿಂದೆ ವರ್ಕ್ ಲೈಟ್. ಗೋಬಿ ಗಾಡಿಗೆ ಎರಡನೇ ಬ್ಯಾಟರಿ. ಬುಡದಿಂದ ಹೊಸ ಹಾರ್ನೆಸ್ ಬೇಕಾದ ಹಳೇ ಯೆಜ್ಡಿ, ಬುಲೆಟ್‌ಗಳು. ಈ ಕೊನೆಯದು ನಿಧಾನದ ಕೆಲಸ, ಓನರ್ ತಲೆ ತಿನ್ನುತ್ತಾರೆ, ಆದರೆ ನನಗೆ ಖುಷಿ ಕೊಡುವುದು ಅದೇ.

ರೇಟ್ ಹೇಳುವುದು ಸರ್ಕ್ಯೂಟ್ ಲೆಕ್ಕದಲ್ಲಿ ಇರಲಿ. ಒಂದು ಸರ್ಕ್ಯೂಟ್ ಅಂದರೆ ಫ್ಯೂಸು, ರಿಲೇ, ಸ್ವಿಚ್ಚು, ವೈರು, ಅರ್ಥು, ಎಲ್ಲ ಸೇರಿ ಇಷ್ಟು. "ವೈರ್ ಮೀಟರ್‌ಗೆ ಎಷ್ಟು" ಅಂತ ಚೌಕಾಸಿ ಶುರುವಾದರೆ ನೀವು ಸೋತ ಹಾಗೆಯೇ. ಫಾಲ್ಟ್ ಹುಡುಕುವುದಕ್ಕೆ ಬೇರೆ ಚಾರ್ಜ್, ಅದನ್ನು ಗಾಡಿ ಮುಟ್ಟುವ ಮೊದಲೇ ಹೇಳಿ. ಮೂರು ಗಂಟೆ ಹುಡುಕಿ ಕೊನೆಗೆ ಒಂದು ತಿಂಬಲ್ (ವೈರಿನ ತುದಿಯ ಲೋಹದ ಕೊಂಡಿ) ಬಿಗಿ ಮಾಡಿದ್ದಕ್ಕೆ ದುಡ್ಡು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮುಚ್ಚುವ ಮುಂಚೆ ಪ್ರತಿ ಜಾಯಿಂಟಿನ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಅಂತ ಒಂದು ಹಾಳೆಯಲ್ಲಿ ಚಿತ್ರ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. "ಹಾಗೆ ಮಾಡಿದರೆ ಮುಂದಿನ ಸಲ ಬೇರೆಯವನ ಹತ್ತಿರ ಹೋಗ್ತಾರಲ್ಲ" ಅಂತ ನನ್ನ ಜೊತೆಯವರೇ ನಕ್ಕಿದ್ದಾರೆ. ಹೋಗಲಿ ಬಿಡಿ. ಆ ಬೇರೆಯವನು ಹಾಳೆ ನೋಡಿ, ಇದನ್ನು ಮಾಡಿದವನ ಹತ್ತಿರವೇ ಹೋಗಿ ಅಂತ ಕಳಿಸಿದ್ದೂ ಇದೆ.

ಕಾಗದಪತ್ರ ದೊಡ್ಡ ವಿಷಯವಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ) ಉಚಿತ, ಸೈಬರ್ ಸೆಂಟರ್‌ನವರು ಕೇಳುವುದು ಅವರ ಕೂಲಿ. ಮುದ್ರಾ ಸಾಲದಲ್ಲಿ ಶಿಶು ಅಂದರೆ 50,000 ರೂಪಾಯಿವರೆಗೆ. ಟೂಲ್‌ಗಳಿಗೆ, ಮೊದಲ ಸ್ಟಾಕ್ ವೈರಿಗೆ ಅಷ್ಟು ಸಾಲುತ್ತದೆ. ಸರ್ವಿಸ್ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ತಲೆನೋವಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲೇ ಜಾಗ ಬೇಕು ಅಂತ ಹಟ ಬೇಡ. ಮೇಲೆ ಸೂರು, ಕೆಳಗೆ ಕಾಂಕ್ರೀಟ್ ಇದ್ದರೆ ನಿಮ್ಮೂರಲ್ಲೇ ಆಗುತ್ತದೆ.

ಶುರು ಮಾಡುವುದಾದರೆ ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿ. ಮಳೆಗೆ ಮುಂಚೆ ಗಾಡಿ ರೆಡಿ ಮಾಡಿಸುವವರು ಆಗ ಬರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವುದೆಲ್ಲ ಕೆಟ್ಟು ನಿಂತ ಗಾಡಿಗಳು, ಜೊತೆಗೆ ಉದ್ರಿ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ, ಬರೆದಿಡಿ" ಅನ್ನುವವರಿಗೆ ಇಲ್ಲ ಅಂದರೆ ನಮ್ಮ ಕಡೆ ಅಂಗಡಿ ನಡೆಯುವುದಿಲ್ಲ, ಎಲ್ಲದಕ್ಕೂ ಹ್ಞೂಂ ಅಂದರೂ ನಡೆಯುವುದಿಲ್ಲ. ನಾನು ಸಾಮಾನಿನ ದುಡ್ಡು ಮೊದಲೇ ಇಸ್ಕೊಳ್ಳುತ್ತೇನೆ, ಮಜೂರಿ ಮಾತ್ರ ಬರೆದಿಡುತ್ತೇನೆ. ಹೆಚ್ಚಿನವರು ಸಂಕ್ರಾಂತಿ ಹೊತ್ತಿಗೆ ತಂದುಕೊಡುತ್ತಾರೆ. ಕೊಡದವರ ಗಾಡಿ ಮುಂದಿನ ಜೂನ್‌ನಲ್ಲಿ ಹೇಗೂ ನಿಲ್ಲುತ್ತದೆ, ಆಗ ಹಳೇ ಬಾಕಿಯಿಂದಲೇ ಮಾತು ಶುರು.