ದಾನದ ಗೊಂಬೆಯ ಹಲ್ಲು

ದಾನ ಬಂದ ದನದ ಹಲ್ಲು ಎಣಿಸಬಾರದು ಎಂದು ನನ್ನ ಅಜ್ಜ ಹೇಳುತ್ತಿದ್ದರು. ದುಡ್ಡು ಕೊಟ್ಟು ಕೊಳ್ಳುವ ದನವಾದರೆ ಅದರ ಬಾಯಿ ಬಿಡಿಸಿ, ಹಲ್ಲು ನೋಡಿ, ವಯಸ್ಸು ಲೆಕ್ಕ ಹಾಕಿ, ಆಮೇಲೇ ಸೊಂಟದ ಗಂಟು ಬಿಚ್ಚುತ್ತಿದ್ದರು. ಯಾರಾದರೂ ಸುಮ್ನೆ ಕೊಟ್ಟರೆ ದನದ ಬಾಯಿಯನ್ನೂ ಬಿಡಿಸುತ್ತಿರಲಿಲ್ಲ, ತಮ್ಮ ಬಾಯಿಯನ್ನೂ ಬಿಡುತ್ತಿರಲಿಲ್ಲ. ಹಟ್ಟಿಯಲ್ಲಿ ಕಟ್ಟಿ ಹುಲ್ಲು ಹಾಕುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಕಾಸರಗೋಡಿನ ನಮ್ಮ ಆಫೀಸಿನಲ್ಲಿ ನಾವು 14 ಜನ ಸುತ್ತ ನಿಂತು, ಮೊಬೈಲ್ ಟಾರ್ಚ್ ಬಿಟ್ಟು, ನನಗೆ ದಾನ ಬಂದದ್ದರ ಹಲ್ಲು ಎಣಿಸಿದೆವು. ದನವಲ್ಲ, ಗೊಂಬೆ. ಲಬುಬು.

ಅದಕ್ಕೆ ಬರುತ್ತೇನೆ. ಮೊದಲು ಊರಿನ ಸಂಗತಿ. ನಮ್ಮಲ್ಲಿ ಹಬ್ಬಕ್ಕೆ ಬರವಿಲ್ಲ. ಭಾಷಣ ಮಾಡುವವರು ಕಾಸರಗೋಡನ್ನು ಏಳು ಭಾಷೆಯ ನೆಲ ಅನ್ನುತ್ತಾರಲ್ಲ, ಆಫೀಸಿನಲ್ಲಿ ಅದರರ್ಥ ಏಳು ಭಾಷೆಯಲ್ಲಿ ರಜೆ ಕೇಳಬಹುದು ಎಂದು. ಬಲಿ ಚಕ್ರವರ್ತಿಯನ್ನೇ ನೋಡಿ. ಮಲಯಾಳದವರ ಮನೆಗೆ ಮಾವೇಲಿ ಎಂಬ ಹೆಸರಿನಲ್ಲಿ ಓಣಂಗೆ ಬರುತ್ತಾನೆ, ತುಳುವರ ಮನೆಗೆ ಬಲೀಂದ್ರ ಎಂಬ ಹೆಸರಿನಲ್ಲಿ ದೀಪಾವಳಿಗೆ ಬರುತ್ತಾನೆ. ಒಬ್ಬನೇ ಅರಸ, ನಮ್ಮ ಜಿಲ್ಲೆಗೆ ವರ್ಷಕ್ಕೆ ಎರಡು ಸಲ ವಿಸಿಟ್.

ಡಿಸೆಂಬರಿನ ಚೀಟಿ ಆಟವೂ ಹೊಸದಲ್ಲ. ಕೇರಳದ ಶಾಲೆಗಳಲ್ಲಿ, ಆಫೀಸುಗಳಲ್ಲಿ ಅದಕ್ಕೆ ‘ಕ್ರಿಸ್ಮಸ್ ಫ್ರೆಂಡ್’ ಎಂದೇ ಹೆಸರು. ಹೆಸರು ಬರೆದ ಚೀಟಿ ಎತ್ತಬೇಕು. ಯಾರ ಹೆಸರು ಬಂತೆಂದು ಬಾಯಿ ಬಿಡಬಾರದು. ರಜೆಗೆ ಮೊದಲು ಅವರಿಗೊಂದು ಉಡುಗೊರೆ. ನಾನು ಕನ್ನಡ ಮೀಡಿಯಂನಲ್ಲಿ ಓದುವಾಗ ನನ್ನ ಕ್ರಿಸ್ಮಸ್ ಫ್ರೆಂಡ್ ಒಂದು ಶಾಯಿ ಪೆನ್ನು ಕೊಟ್ಟಿದ್ದ. ಅದು ಸೋರುತ್ತಿತ್ತು. ನನ್ನ ಜೇಬಿನ ಕಲೆ ಉಜ್ಜುವಾಗಲೆಲ್ಲ ಅಮ್ಮ ಅವನ ಹೆಸರು ತೆಗೆದು ಬೈಯುತ್ತಿದ್ದರು. ಅವನೀಗ ಅಬುಧಾಬಿಯಲ್ಲಿದ್ದಾನೆ. ಅಮ್ಮನಿಗೆ ಅವನ ಹೆಸರು ಇನ್ನೂ ನೆನಪಿದೆ.

ಈಗ ಕ್ರಿಸ್ಮಸ್ ಫ್ರೆಂಡ್ ಹೋಗಿ ಸೀಕ್ರೆಟ್ ಸಾಂಟಾ ಬಂದಿದ್ದಾನೆ. ಯಾಕೆಂದರೆ ರೀಲ್ಸಿನಲ್ಲಿ ಇರುವುದು ಆ ಹೆಸರು. ಸ್ವೀಡನ್ನಿನಲ್ಲಿ ಹಿಂದೆ ಬಾಗಿಲು ಬಡಿದು, ಉಡುಗೊರೆಯನ್ನು ಒಳಗೆಸೆದು ಓಡಿಹೋಗುತ್ತಿದ್ದರಂತೆ, ಕೊಟ್ಟವರು ಯಾರೆಂದು ಗೊತ್ತಾಗಬಾರದು ಅಂತ. ನಮ್ಮಲ್ಲಿ ಕೊಟ್ಟವರು ಓಡುವುದಿಲ್ಲ. ಫೋನ್ ಹಿಡಿದು ಎದುರೇ ನಿಂತಿರುತ್ತಾರೆ.

ಇದರ ಉಸ್ತುವಾರಿ ನಮ್ಮ ಎಚ್‌ಆರ್ ಹುಡುಗಿಯದು. ಒಳ್ಳೆಯ ಹುಡುಗಿ. ಆಫೀಸಿಗೆ ಇನ್‌ಸ್ಟಾಗ್ರಾಮ್ ಪೇಜ್ ಮಾಡಿದವಳು ಅವಳೇ. 212 ಫಾಲೋವರ್ಸ್ ಇದ್ದಾರೆ, ಅದರಲ್ಲಿ 14 ನಾವೇ. ನವೆಂಬರ್ ಮುಗಿಯುವಾಗ ವಾಟ್ಸಾಪ್ ಗ್ರೂಪಿಗೆ ನಿಯಮಗಳು ಬರುತ್ತವೆ. ಮಿತಿ 500 ರೂಪಾಯಿ. ಬಟ್ಟೆ ಕೆಂಪು ಅಥವಾ ಬಿಳಿ. ಕಟ್ಟು ಕಂದು ಕಾಗದದ್ದೇ ಆಗಬೇಕು, ಮೇಲೆ ಸೆಣಬಿನ ಹುರಿ. ಕೊನೆಯಲ್ಲಿ, ‘ಗಿಫ್ಟ್ ಥಾಟ್‌ಫುಲ್ ಆಗಿರಲಿ.’ ಕೆಳಗೆ ಒಂದು ರೀಲ್ಸಿನ ಲಿಂಕ್. ಯಾವ ಥಾಟ್ ಎಂದು ಅದರಲ್ಲೇ ಇರುತ್ತದೆ.

14 ಜನ ನೋಡುವುದೂ ಅದೇ ರೀಲ್ಸ್. ಹಾಗಾಗಿ 2023ರಲ್ಲಿ 4 ಜನಕ್ಕೆ ದೊಡ್ಡ ಹಿಡಿಯ ಸ್ಟ್ಯಾನ್ಲಿ ಟಂಬ್ಲರ್ ಬಂತು. ಸ್ಟ್ಯಾನ್ಲಿ ಎಂದರೆ ಸ್ಟ್ಯಾನ್ಲಿಯೇ ಅಲ್ಲ, 500ರ ಒಳಗೆ ಸಿಗುವ ಅದರ ದೂರದ ನೆಂಟ. ಅಮೆರಿಕದಲ್ಲಿ ಕಾರು ಸುಟ್ಟುಹೋದರೂ ಅದರೊಳಗಿದ್ದ ಟಂಬ್ಲರಿನ ಐಸ್ ಕರಗದ ವೀಡಿಯೋ ಆ ವರ್ಷ ಎಲ್ಲರ ಫೋನಿಗೂ ಬಂದಿತ್ತು. ನಮ್ಮ ಆಫೀಸಿನಲ್ಲಿ ಐಸ್ ಯಾರಿಗೆ ಬೇಕು? ಇಲ್ಲಿ ಕುಡಿಯುವುದು ಪದಿಮುಗಂ ಹಾಕಿ ಕುದಿಸಿದ ಗುಲಾಬಿ ಬಣ್ಣದ ಬಿಸಿನೀರು. ಅದನ್ನು ಟಂಬ್ಲರಿಗೆ ತುಂಬಿ, ಸ್ಟ್ರಾ ಹಾಕಿ ಹೀರಿದ ಟೈಪಿಸ್ಟ್ ಅಕ್ಕ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

2024ರಲ್ಲಿ ದುಬೈ ಚಾಕಲೇಟ್. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಕಾಸರಗೋಡಿನವರಿಗೆ ದುಬೈಯ ಪರಿಚಯ ಮಾಡಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ನಾನು ಸಣ್ಣವನಿದ್ದಾಗ ನೆರೆಮನೆಯ ಇಚ್ಚ ಗಲ್ಫಿನಿಂದ ಬಂದರೆ ಅವರ ಪೆಟ್ಟಿಗೆ ಬಿಚ್ಚುವುದೇ ಒಂದು ಜಾತ್ರೆ. ಇಡೀ ವಠಾರ ಸೇರುತ್ತಿತ್ತು. ನಮ್ಮ ಅಜ್ಜಿಗೆ ಟೈಗರ್ ಬಾಮ್, ಅಪ್ಪನಿಗೆ ಟಾರ್ಚ್, ಮಕ್ಕಳಿಗೆ ಟಾಂಗ್ ಮತ್ತು ಮುಷ್ಟಿ ತುಂಬ ಚಾಕಲೇಟ್. ಅದೂ ಅನ್‌ಬಾಕ್ಸಿಂಗೇ ಅಲ್ವಾ? ಅಷ್ಟು ದೂರದಲ್ಲಿದ್ದುಕೊಂಡು ನೆರೆಮನೆಯ ಮುದುಕಿಯ ಮಂಡಿನೋವನ್ನು ಅವರು ಹೇಗೆ ನೆನಪಿಟ್ಟುಕೊಂಡಿದ್ದರೋ.

ಈ ದುಬೈ ಚಾಕಲೇಟ್ ಬೇರೆ. 2021ರಲ್ಲಿ ದುಬೈಯ ಒಬ್ಬ ಹೆಂಗಸು ತನ್ನ ಬಸುರಿ ಬಯಕೆಯ ನೆಪದಲ್ಲಿ ಮಾಡಿದ್ದಂತೆ. ಒಳಗೆ ಪಿಸ್ತಾ, ಎಳ್ಳಿನ ಪೇಸ್ಟ್, ಗರಿಗರಿ ಕುನಾಫದ ಎಳೆ. 2023ರ ಡಿಸೆಂಬರಿನಲ್ಲಿ ಇನ್ನೊಬ್ಬಳು ಕಾರಿನಲ್ಲಿ ಕೂತು ಅದನ್ನು ಕಚ್ಚಿ ತಿನ್ನುವ ವೀಡಿಯೋವನ್ನು ಟಿಕ್‌ಟಾಕಿಗೆ ಹಾಕಿದಳು. ಟಿಕ್‌ಟಾಕ್ ನಮ್ಮ ದೇಶದಲ್ಲಿ 2020ರ ಜೂನ್‌ನಲ್ಲೇ ಬಂದ್. ಆದರೆ ಬಯಕೆಗೆ ಬಂದ್ ಉಂಟಾ? ಇನ್‌ಸ್ಟಾಗ್ರಾಮಿನ ದಾರಿಯಲ್ಲಿ ಸುತ್ತಿ ಬಂತು. ಎಲ್ಲಿಯೋ ಒಬ್ಬಳಿಗಾದ ಬಸುರಿ ಬಯಕೆ ಮೂರು ವರ್ಷದ ಮೇಲೆ ಕಾಸರಗೋಡಿನ ಒಂದು ಆಫೀಸಿನ 14 ಜನಕ್ಕೆ ಹತ್ತಿತು. ಅದರಲ್ಲಿ 9 ಜನ ಗಂಡಸರು.

500 ರೂಪಾಯಿಗೆ ದುಬೈ ಚಾಕಲೇಟ್ ದುಬೈಯಿಂದ ಬರುವುದಿಲ್ಲ. ಊರಿನಲ್ಲೇ ಒಬ್ಬರ ಅಡುಗೆಮನೆಯಿಂದ ಬಂತು. ಕುನಾಫದ ಬದಲು ತುಪ್ಪದಲ್ಲಿ ಹುರಿದ ಶ್ಯಾವಿಗೆ. ಪಿಸ್ತಾದ ಬದಲು ಏನೆಂದು ನಾವು ಕೇಳಲಿಲ್ಲ, ಬಣ್ಣ ಹಸಿರಿತ್ತು. ನಮ್ಮ ತೋಟದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೋ ಇದೆ. ಬೀಜ ಹೋಗುವುದು ಕ್ಯಾಂಪ್ಕೋಗೆ. ಅವರ ಚಾಕಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲಿದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು. ಆ ಚಾಕಲೇಟೇ ಕೊಟ್ಟರಾಗದಾ ಎಂದು ಕೇಳಿದೆ. “ಅದನ್ನು ಮುರಿದರೆ ಒಳಗಿನಿಂದ ಏನೂ ಬರುವುದಿಲ್ಲ ಸಾರ್” ಎಂದಳು ಎಚ್‌ಆರ್ ಹುಡುಗಿ. ಮುರಿಯಬೇಕು, ನಿಧಾನವಾಗಿ ಹಸಿರು ಒಸರಬೇಕು, ಹಿಂದಿನಿಂದ ಮ್ಯೂಸಿಕ್ ಬರಬೇಕು.

ಆ ಹಸಿರು ಒಸರುವ ಚಾಕಲೇಟ್ ಸಿಕ್ಕಿದ್ದು ನಮ್ಮ ಕ್ಯಾಷಿಯರಿಗೆ. ಅವರಿಗೆ ಶುಗರ್. ಹತ್ತು ವರ್ಷದಿಂದ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾರೆ ಎಂದು ಆಫೀಸಿನ ಬೆಕ್ಕಿಗೂ ಗೊತ್ತು. ಕೊಟ್ಟ ಹುಡುಗನಿಗೂ ಗೊತ್ತಿತ್ತು. “ಅವರು ತಿನ್ನಬೇಕೆಂದಿಲ್ಲ, ಮುರಿದರೆ ಸಾಕು” ಎಂದ. ಅವರು ಮುರಿದರು. ನಾವು ತಿಂದೆವು. 41 ಲೈಕ್ ಬಂತು. ಅದೇ ದಿನ ತಲೆಯಲ್ಲಿ ಒಂದು ಕೂದಲೂ ಇಲ್ಲದ ಅಕೌಂಟೆಂಟರಿಗೆ ಕೂದಲು ಬೆಳೆಸುವ ರೋಸ್‌ಮೆರಿ ವಾಟರ್. ನನಗೆ ಪರಿಮಳದ ಮೇಣದಬತ್ತಿ. ಕರೆಂಟು ಹೋದ ಒಂದು ರಾತ್ರಿ ಅಮ್ಮ ಅದನ್ನೇ ಹಚ್ಚಿಟ್ಟರು. “ಇದೆಂತ ಮಾರಾಯ, ಬೂತಾಯಿ ಗಸಿಗೆ ಸಾಬೂನಿನ ವಾಸನೆ!” ಎಂದು ಬತ್ತಿ ನಂದಿಸಿ, ಕತ್ತಲೆಯಲ್ಲೇ ಉಂಡರು.

ನಾನೇನು ಸಾಚಾ ಅಲ್ಲ. 2025ರಲ್ಲಿ ನನ್ನ ಚೀಟಿಯಲ್ಲಿ ಬಂದದ್ದು ದಿನಾ ನಮಗೆ ಚಹಾ ತಂದುಕೊಡುವ ಅಟೆಂಡರ್ ಅಣ್ಣನ ಹೆಸರು. ಅವರಿಗೆ ಮಳೆಗಾಲಕ್ಕೆ ಒಂದು ಒಳ್ಳೆಯ ಕೊಡೆ ಬೇಕಿತ್ತು. ಗೊತ್ತಿತ್ತು. ಆದರೆ ಕೊಡೆ ಬಿಡಿಸುವುದನ್ನು ಯಾರು ನೋಡುತ್ತಾರೆ? ಲಿಂಕಿನಲ್ಲಿದ್ದ ಹಾಗೆ ಜಪಾನಿನ ಮಚ್ಚಾ ಎಂಬ ಹಸಿರು ಚಹಾ ಪುಡಿ ತರಿಸಿಕೊಟ್ಟೆ. ಅವರು ಮುಚ್ಚಳ ತೆಗೆದು ಮೂಸಿ, “ಮದರಂಗಿಯಾ ಸಾರ್?” ಎಂದು ಕೇಳಿದರು. ಮರುದಿನ ಹೇಳಿದರು, ಹೆಂಡತಿ ಕೈಗೆ ಹಚ್ಚಿ ನೋಡಿದಳು, ಬಣ್ಣ ಹಿಡಿಯಲಿಲ್ಲ ಅಂತ.

ಇನ್ನು ಲಬುಬು. ನೋಡದವರಿಗೆ ಹೇಳುತ್ತೇನೆ. ಮೊಲದ ಕಿವಿ, ರೋಮದ ಮೈ, ಬಾಯ್ತುಂಬ ಚೂಪು ಹಲ್ಲು, ಪೋಕರಿ ನಗು. ಕಾಸಿಂಗ್ ಲುಂಗ್ ಎಂಬ ಕಲಾವಿದ 2015ರಲ್ಲಿ ಚಿತ್ರಪುಸ್ತಕಕ್ಕೆಂದು ಹುಟ್ಟಿಸಿದ್ದು. ಆಮೇಲೆ ಚೀನಾದ ಪಾಪ್ ಮಾರ್ಟ್ ಕಂಪೆನಿ ಅದನ್ನು ಗೊಂಬೆ ಮಾಡಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಮಾರಿತು. ಒಳಗೆ ಯಾವುದಿದೆ ಎಂದು ದುಡ್ಡು ಕೊಟ್ಟು ಬಿಚ್ಚಿದ ಮೇಲೇ ಗೊತ್ತಾಗುವುದು. 2024ರಲ್ಲಿ ಬ್ಲ್ಯಾಕ್‌ಪಿಂಕ್ ತಂಡದ ಹಾಡುಗಾರ್ತಿ ಲಿಸಾ ತನ್ನ ಬ್ಯಾಗಿಗೆ ಒಂದನ್ನು ನೇತುಹಾಕಿದಳು, ಜಗತ್ತು ಕ್ಯೂ ನಿಂತಿತು. ಹಲ್ಲು ಕಿರಿಯುವ ಮುಖ ನಮಗೆ ಹೊಸದಲ್ಲ. ಹೊಸ ಮನೆಗೆ ದೃಷ್ಟಿಗೊಂಬೆ ಕಟ್ಟುತ್ತೇವೆ, ಗದ್ದೆಯಲ್ಲಿ ಬೆರ್ಚಪ್ಪ ನಿಲ್ಲಿಸುತ್ತೇವೆ. ಬೆರ್ಚಪ್ಪನಿಗಾಗಿ ಮಾತ್ರ ಯಾರೂ ಕ್ಯೂ ನಿಂತದ್ದಿಲ್ಲ.

ನನ್ನ ಪೆಟ್ಟಿಗೆ ಬಿಚ್ಚಿದೆ. “ಮುಖದಲ್ಲಿ ಸರ್‌ಪ್ರೈಸ್ ಇಲ್ಲ ಸಾರ್” ಎಂದು ಮತ್ತೆ ಕಟ್ಟಿ ಕೊಟ್ಟರು. ಎರಡನೇ ಸಲ ಹುರಿಯ ಗಂಟು ಬಿಚ್ಚಲಿಕ್ಕಾಗಲಿಲ್ಲ. ಮೂರನೇ ಸಲ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಇದಕ್ಕೂ ಸಂಬಳ ಕೊಡುತ್ತಾರಲ್ಲ! ಟೇಕ್ ಓಕೆ ಆಯಿತು.

ಆಗ ಹೊಸದಾಗಿ ಸೇರಿದ ಹುಡುಗ ಗೊಂಬೆಯನ್ನು ಕಸಿದು ಟಾರ್ಚ್ ಬಿಟ್ಟ. ಅಸಲಿ ಲಬುಬುವಿಗೆ 9 ಹಲ್ಲು. ಹೆಚ್ಚು ಕಡಿಮೆಯಾದರೆ ನಕಲಿ, ಅದಕ್ಕೆ ಲಾಫುಫು ಎಂಬ ಹೆಸರೇ ಬಿದ್ದಿದೆ. “ಎಣ್ಣಿ ನೋಕ್ಕ್, ಎಣ್ಣಿ ನೋಕ್ಕ್” ಎಂದು ಎಲ್ಲರೂ ಮುತ್ತಿದರು. ಅವನು ಮಲಯಾಳದಲ್ಲಿ ಎಣಿಸಿದ, 11. ಟೈಪಿಸ್ಟ್ ಅಕ್ಕನಿಗೆ ನಂಬಿಕೆ ಬರಲಿಲ್ಲ. ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಎಣಿಸಿದರು, 11. ಕ್ಯಾಷಿಯರ್ ಕೊಂಕಣಿಯಲ್ಲಿ ಎಣಿಸಿದರು. ನಾನು ಕನ್ನಡದಲ್ಲಿ. ಎಷ್ಟು ಭಾಷೆಯ ನೆಲವಾದರೂ ಹಲ್ಲು 11.

“ಲಾಫುಫು!” ಆಫೀಸು ನಕ್ಕು ನಕ್ಕು ಸುಸ್ತಾಯಿತು. “ಯಾವ ಜುಗ್ಗ ಕೊಟ್ಟದ್ದು ಇದನ್ನು?” ಎಂದು ಯಾರೋ ಕೂಗಿದರು.

ಮ್ಯಾನೇಜರ್ ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಫ್ಯಾನಿನ ಸದ್ದು ಕೇಳುವಷ್ಟು ಮೌನ. ಮೊದಲು ಚೇತರಿಸಿಕೊಂಡವರು ಅಕೌಂಟೆಂಟ್. “ಎರಡು ಹಲ್ಲು ಜಾಸ್ತಿ ಇದೆ ಎಂದರೆ ಲಿಮಿಟೆಡ್ ಎಡಿಷನ್ ಇರಬೇಕು ಸಾರ್” ಎಂದರು. ಹೌದು ಹೌದು ಎಂದೆವು 13 ಜನ. ಇಂಕ್ರಿಮೆಂಟಿಗೆ ಮೂರು ತಿಂಗಳಿತ್ತು.

ಲಿಮಿಟೆಡ್ ಎಡಿಷನನ್ನು ಮನೆಗೆ ತಂದೆ. ಮಗಳು ಬಾಗಿಲಲ್ಲೇ ಹಲ್ಲು ಎಣಿಸಿ ವಾಪಸು ಕೊಟ್ಟಳು. ತಿಂಗಳ ಕೊನೆಗೆ ಹರಿತ ಕರ್ಮ ಸೇನೆಯ ಅಕ್ಕ ಬಂದರು. 50 ರೂಪಾಯಿ ತೆಗೆದುಕೊಂಡು, ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ಒಯ್ಯುವವರು. ಗಿಫ್ಟಿನ ಗುಳ್ಳೆ ಕವರು, ರಿಬ್ಬನ್ನು, ಮಿನುಗುವ ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿದರು. ಗೊಂಬೆಯನ್ನು ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು.

“ಮುಖ ಪ್ಲಾಸ್ಟಿಕ್, ಮೈ ಬಟ್ಟೆ. ಬಟ್ಟೆ ತೆಗೆದುಕೊಳ್ಳುವ ತಿಂಗಳು ಬೇರೆ ಉಂಟು. ತಲೆ ಬೇರೆ ಮಾಡಿ ಕೊಡಿ.”

ತಲೆ ಬೇರೆ ಮಾಡಲು ಮನಸ್ಸು ಬರಲಿಲ್ಲ. ಮ್ಯಾನೇಜರ್ ಕೊಟ್ಟದ್ದಲ್ವಾ? ಹಿತ್ತಲಲ್ಲಿ ಬಾಳೆಗೊನೆ ಬಲಿತಿತ್ತು, ಮಂಗಗಳ ಕಾಟ. ಅಮ್ಮ ಅದನ್ನು ಒಂದು ಕೋಲಿನ ತುದಿಗೆ ಕಟ್ಟಿ ಬಾಳೆಯ ಪಕ್ಕ ನೆಟ್ಟರು. ಮೊನ್ನೆ ಮಂಗಗಳು ಬಂದವು. ಸಣ್ಣವು ದೂರ ನಿಂತವು. ಒಂದು ಮುದಿ ಗಡವ ಮಾತ್ರ ಹತ್ತಿರ ಬಂತು. ತಲೆ ಓರೆ ಮಾಡಿ ಗೊಂಬೆಯನ್ನು ನೋಡಿತು. ಅದರ ಬಾಯಿಗೆ ಬೆರಳು ಹಾಕಿ, ಹಲ್ಲುಗಳ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನಕ್ಕೆ ಆಡಿಸಿತು. ಆಮೇಲೆ ಗೊನೆಗೆ ಕೈ ಹಾಕಿತು.