ಸತ್ಯಾಂಶ: ಸ್ಯೂವೆಲ್ ಒಂದೇ ರಾತ್ರಿಯಲ್ಲಿ ಬರಿದಾಗಲಿಲ್ಲ
ಮೈಸೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡುತ್ತಿದೆ. ಹಿಮದ ಬೆಟ್ಟದ ಮೇಲೆ ಬಣ್ಣಬಣ್ಣದ ಕಟ್ಟಡಗಳು, ಕೆಳಗೆ ‘ವಿಷದ ಹೊಗೆಗೆ ಒಂದೇ ರಾತ್ರಿ ಇಡೀ ಊರು ಸತ್ತಿತು, ಅಂದಿನಿಂದ ಯಾರೂ ಕಾಲಿಟ್ಟಿಲ್ಲ’ ಎಂಬ ಬರಹ. ಊರು ನಿಜ, ಹೊಗೆಯೂ ನಿಜ. ಕಥೆ ಮಾತ್ರ ಸುಳ್ಳು.

ಅದು ಚಿಲಿ ದೇಶದ ಆಂಡಿಸ್ ಪರ್ವತದಲ್ಲಿರುವ ಸ್ಯೂವೆಲ್. ಎಲ್ ಟೆನಿಯೆಂಟೆ ತಾಮ್ರದ ಗಣಿಗಾಗಿ 1905ರ ಸುಮಾರಿಗೆ ಹುಟ್ಟಿದ ಊರು. ಎತ್ತರ 2,000 ಮೀಟರಿಗೂ ಹೆಚ್ಚು, ನಮ್ಮ ಚಾಮುಂಡಿ ಬೆಟ್ಟದ ಸುಮಾರು ಎರಡರಷ್ಟು. ಇಳಿಜಾರು ಎಷ್ಟು ಕಡಿದೆಂದರೆ ಗಾಡಿ ಓಡುವ ಬೀದಿಯೇ ಇಲ್ಲ. ನಡುವೆ ಒಂದು ದೊಡ್ಡ ಮೆಟ್ಟಿಲುಸಾಲು, ಅದರಿಂದ ಕವಲೊಡೆದ ಕಾಲುಹಾದಿಗಳು. ಒಂದು ಕಾಲಕ್ಕೆ ಅಲ್ಲಿ ಸುಮಾರು 15,000 ಜನರಿದ್ದರು.

1945ರ ಜೂನ್ 19ರಂದು ಗಣಿಯ ಬಳಿ ಹೊತ್ತಿದ ಬೆಂಕಿಯ ಹೊಗೆ ಸುರಂಗಗಳಿಗೆ ನುಗ್ಗಿ 355 ಕಾರ್ಮಿಕರು ಉಸಿರುಗಟ್ಟಿ ಸತ್ತರು. ಸತ್ತದ್ದು ಗಣಿಯೊಳಗೆ, ಊರಿನಲ್ಲಲ್ಲ. ಆ ದುಡಿಯುವ ಜೀವಗಳನ್ನು ದೆವ್ವದ ಕಥೆಗೆ ಸರಕಾಗಿಸುವುದು ನೋವಿನ ಸಂಗತಿ.

ಅದಾದ ಮೇಲೂ ಎರಡು ದಶಕ ಊರು ತುಂಬಿಯೇ ಇತ್ತು. 1960ರ ದಶಕದ ಕೊನೆಯಿಂದ ಕುಟುಂಬಗಳನ್ನು ಹಂತಹಂತವಾಗಿ ಕೆಳಗಿನ ರಾಂಕಾಗುವಾ ನಗರಕ್ಕೆ ಸ್ಥಳಾಂತರಿಸಲಾಯಿತು. ಗಣಿ ಇಂದಿಗೂ ನಡೆಯುತ್ತಿದೆ. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಯೂವೆಲ್‌ಗೆ ಪ್ರವಾಸಿಗರೂ ಹೋಗಿಬರುತ್ತಾರೆ.