ದಂಡ ನಮಗೆ ಮಾತ್ರವೇ?

ಮಡಿಕೇರಿಯ ರಸ್ತೆಬದಿಯ ಮರಕ್ಕೆ ಉದ್ದನೆಯ ಮೊಳೆ ಹೊಡೆದು ಜನಪ್ರತಿನಿಧಿಯೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಬಿಗಿದಿದ್ದಾರೆ. ಮೊಳೆಯ ಸುತ್ತ ತೊಗಟೆ ಸೀಳಿ ರಸ ಒಸರುತ್ತಿದೆ. ಇನ್ನು ಸುಮ್ಮನಿರಲು ನನ್ನಿಂದಾಗದು.

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸನ್ನೂ ರಾಜ್ಯ ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ಆ ನಿಯಮ ಯಾರಿಗೆ? ಶುಕ್ರವಾರದ ಸಂತೆಯಲ್ಲಿ ಸೊಪ್ಪು ಮಾರುವವರ ಕೈಯಿಂದ ತೆಳು ಚೀಲದ ಕಟ್ಟು ಕಿತ್ತುಕೊಂಡು ದಂಡದ ರಸೀದಿ ಹರಿಯುತ್ತಾರೆ. ಅವರ ಇಡೀ ದಿನದ ಗಳಿಕೆ ಅಲ್ಲಿಗೆ ಮುಗಿಯಿತು. ಆದರೆ ನಾಯಕರ ಫ್ಲೆಕ್ಸ್ ಮುಂದೆ ಅದೇ ಸಿಬ್ಬಂದಿ ತಲೆತಗ್ಗಿಸಿ ಸಾಗುತ್ತಾರೆ.

ನಾಯಕರನ್ನು ಕೇಳಿದರೆ ಸಿದ್ಧ ಉತ್ತರ: ‘ಅಭಿಮಾನಿಗಳು ಕಟ್ಟಿದ್ದು, ನನ್ನ ಗಮನಕ್ಕೆ ಬಂದಿಲ್ಲ.’ ಆಳೆತ್ತರದ ತಮ್ಮ ಮುಖವೇ ಗಮನಕ್ಕೆ ಬಾರದವರಿಗೆ ನಮ್ಮ ಕಷ್ಟ ಕಂಡೀತೇ? ಲಾಕ್‌ಡೌನ್ ನಿಯಮ ಮುರಿದ ಬ್ರಿಟನ್ನಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೇ 2022ರಲ್ಲಿ ಲಂಡನ್ ಪೊಲೀಸರು ದಂಡ ಹಾಕಿದರು. ಅವರೂ ಮೊದಲು ನಿಯಮ ಮುರಿದೇ ಇಲ್ಲ ಎಂದಿದ್ದರು. ಕೊನೆಗೆ ಕಟ್ಟಿದರು, ಕ್ಷಮೆ ಕೇಳಿದರು. ಇಲ್ಲಿ ಒಬ್ಬ ನಾಯಕನಾದರೂ ‘ತಪ್ಪು ನನ್ನದು’ ಎಂದು ತಾನಾಗಿ ದಂಡ ಕಟ್ಟಿದ್ದನ್ನು ನೀವು ಕಂಡಿದ್ದೀರಾ?